ಬ್ಯಾಕ್ ಅಟ್ ದ ಚಿಕನ್ ಶ್ಯಾಕ್

ಅಮೆರಿಕದ ಆರ್ಗನ್ ವಾದಕ ಜಿಮ್ಮಿ ಸ್ಮಿತ್‌ನ ಸೋಲ್ ಜಾಝ್ ಆಲ್ಬಮ್. 1960ರ ಏಪ್ರಿಲ್ 25ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಮುದ್ರಣಗೊಂಡಿತು. ಟೆನರ್ ಸ್ಯಾಕ್ಸೊಫೋನ್ ನುಡಿಸಿದವನು ಸ್ಟ್ಯಾನ್ಲಿ ಟರೆಂಟೈನ್. ಗಿಟಾರ್ ಕೆನಿ ಬರೆಲ್, ಡ್ರಮ್ಸ್ ಡೊನಾಲ್ಡ್ ಬೈಲಿ. ಬಾಸ್ ವಾದಕನಿಲ್ಲ, ಬೇಕಾಗಿಯೂ ಇರಲಿಲ್ಲ.

ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳನ್ನು ನೆಚ್ಚಿಕೊಂಡು 1935ರಲ್ಲಿ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಸ್ಮಿತ್‌ನ ವಾದ್ಯ. ಎರಡು ಸಾಲು ಮನೆಗಳು, ಕಾಲಡಿಯಲ್ಲಿ ಪೆಡಲ್‌ಗಳು. ಸ್ಮಿತ್ ಬಲಗೈಯಲ್ಲಿ ರಾಗ, ಎಡಗೈಯಲ್ಲಿ ಬಾಸ್ ನುಡಿಸುತ್ತ, ಪೆಡಲನ್ನು ತುಸುವೇ ತಟ್ಟಿ ಆ ಬಾಸ್‌ಗೆ ಪೆಟ್ಟು ಕೊಡುತ್ತಿದ್ದ. ಆಫ್ರಿಕನ್ ಅಮೆರಿಕನ್ನರ ಬಡಾವಣೆಗಳ ಸಣ್ಣ ಬಾರ್‌ಗಳಿಗೆ ಇದು ಒಗ್ಗಿತು: ಮಾಲೀಕನಿಗೆ ಒಬ್ಬ ವಾದಕನ ಸಂಬಳ ಉಳಿಯಿತು, ಭಾನುವಾರ ಚರ್ಚಿನಲ್ಲಿ ಕೇಳಿದ ನಾದವೇ ಶನಿವಾರ ರಾತ್ರಿಯೂ ಗಿರಾಕಿಗಳ ಕಿವಿಗೆ ಬಿತ್ತು. ಸ್ಮಿತ್ ಮೊದಲು ಪಿಯಾನೊ ನುಡಿಸುತ್ತಿದ್ದವನು. ವೈಲ್ಡ್ ಬಿಲ್ ಡೇವಿಸ್‌ನ ಆರ್ಗನ್ ಕೇಳಿದ ಮೇಲೆ ಫಿಲಡೆಲ್ಫಿಯಾದ ಒಂದು ಗೋದಾಮಿನಲ್ಲಿ ವಾದ್ಯ ಇಟ್ಟುಕೊಂಡು ಸಾಧನೆ ಮಾಡಿದ. 1956ರಲ್ಲಿ ಬ್ಲೂ ನೋಟ್ ಸಂಸ್ಥೆ ಆತನ ಮೊದಲ ಆಲ್ಬಮ್ ತಂದಿತು.

ಆರ್ಗನ್ನಿಗೆ ಟೆನರ್ ಯಾಕೆ ಜೊತೆಯಾಗಬೇಕು? ಮನೆ ಒತ್ತಿ ಹಿಡಿದಷ್ಟು ಹೊತ್ತೂ ಆರ್ಗನ್ನಿನ ಸ್ವರ ಸವೆಯದೆ ನಿಲ್ಲುತ್ತದೆ. ಸ್ಯಾಕ್ಸೊಫೋನಿಗೋ ಉಸಿರು ಬೇಕು, ಹಾಡುಗಾರನ ಹಾಗೆ ನಡುನಡುವೆ ತಡೆಯಬೇಕು. ಟರೆಂಟೈನ್ ರಿದಮ್ ಅಂಡ್ ಬ್ಲೂಸ್ ತಂಡಗಳಲ್ಲಿ ಪಳಗಿದವನು; ಅವಸರವಿಲ್ಲದ ದಪ್ಪ ದನಿ. ಶೀರ್ಷಿಕೆಯ ಬ್ಲೂಸ್‌ನಲ್ಲಿ ಆತ ಬಿಡುವ ಖಾಲಿ ಜಾಗಗಳೇ ನನಗೆ ಹೆಚ್ಚು ರುಚಿಸುತ್ತವೆ. 'ಮೈನರ್ ಚಾಂಟ್' ಆತನದೇ ರಚನೆ.

ಈ ಜೋಡಿವಾದ್ಯ ಇವರ ಆವಿಷ್ಕಾರವಲ್ಲ. 1958ರಲ್ಲೇ ಎಡ್ಡಿ 'ಲಾಕ್‌ಜಾ' ಡೇವಿಸ್ ಮತ್ತು ಆರ್ಗನ್ ವಾದಕಿ ಶರ್ಲಿ ಸ್ಕಾಟ್ 'ಕುಕ್‌ಬುಕ್' ಆಲ್ಬಮ್‌ಗಳನ್ನು ಮಾಡಿದ್ದರು. ಈ ಸಂಗೀತಕ್ಕೆ ಅಡುಗೆಮನೆಯ ಹೆಸರುಗಳೆಂದರೆ ಪ್ರೀತಿ: ಚಿಕನ್ ಶ್ಯಾಕ್ ಎಂದರೂ ಕರಿದ ಕೋಳಿ ಮಾರುವ ಪುಟ್ಟ ಅಂಗಡಿ. ಶರ್ಲಿ ಮುಂದೆ ಟರೆಂಟೈನ್‌ನನ್ನು ಮದುವೆಯಾಗಿ, 1960ರ ದಶಕದುದ್ದಕ್ಕೂ ಆತನೊಂದಿಗೆ ನುಡಿಸಿದಳು.

ಅದೇ ದಿನ ಮುದ್ರಿಸಿದ ಇನ್ನಷ್ಟು ಸಂಗೀತ 1961ರಲ್ಲಿ 'ಮಿಡ್‌ನೈಟ್ ಸ್ಪೆಷಲ್' ಆಗಿ ಬಂತು. ಚಿಕನ್ ಶ್ಯಾಕ್ ಮಾತ್ರ 1963ರವರೆಗೆ ಕಪಾಟಿನಲ್ಲೇ ಕಾದಿತ್ತು. ಅಷ್ಟರಲ್ಲಿ ಸ್ಮಿತ್ ವರ್ವ್ ಸಂಸ್ಥೆಯಲ್ಲಿ ಆಲಿವರ್ ನೆಲ್ಸನ್‌ನ ದೊಡ್ಡ ವಾದ್ಯವೃಂದದೊಂದಿಗೆ ನುಡಿಸಿಯಾಗಿತ್ತು.