ಕಲ್ಯಾಣ ಮತ್ತು ಆರ್ಥಿಕತೆಯಲ್ಲಿ ಸರ್ಕಾರದ ಪಾತ್ರ: ಕಲಬುರಗಿ, ಕಮಲಾಪುರ

ಜನರ ಬದುಕು ಮತ್ತು ಮಾರುಕಟ್ಟೆಯ ವ್ಯವಹಾರದಲ್ಲಿ ಸರ್ಕಾರ ಎಷ್ಟರಮಟ್ಟಿಗೆ ಕೈಹಾಕಬೇಕು ಎಂಬುದು ಅರ್ಥಶಾಸ್ತ್ರದ ಹಳೆಯ ಚರ್ಚೆ. ಭಾರತದ ಸಂವಿಧಾನದ 38ನೆಯ ವಿಧಿ ವ್ಯಕ್ತಿಗಳ ನಡುವಿನ ಅಸಮಾನತೆಯ ಜೊತೆಗೆ ಬೇರೆ ಬೇರೆ ಪ್ರದೇಶಗಳ ಜನರ ನಡುವಿನ ಅಸಮಾನತೆಯನ್ನೂ ತಗ್ಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಕಲಬುರಗಿ ನಗರ ಮತ್ತು ಅದರ ಈಶಾನ್ಯಕ್ಕೆ ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದಲ್ಲಿ ಈ ಹೊಣೆ ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣುತ್ತದೆ: ಪ್ರದೇಶಕ್ಕೆ ಅನುದಾನ, ಬೆಳೆಗೆ ಬೆಲೆ, ಕುಟುಂಬಕ್ಕೆ ನೇರ ನೆರವು.

ಹಿನ್ನೆಲೆ

1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟರಲ್ಲಿ ಹಳೆಯ ಮೈಸೂರು ಶಾಲೆ, ನೀರಾವರಿ, ವಿದ್ಯುತ್ತು, ಕೈಗಾರಿಕೆಗಳಲ್ಲಿ ಮುಂದೆ ಸಾಗಿತ್ತು. ಸರ್ಕಾರಕ್ಕಿಂತ ಮೊದಲೇ ಇಲ್ಲಿ ಅನ್ನ, ಅಕ್ಷರದ ಹೊಣೆ ಹೊತ್ತ ಸಂಸ್ಥೆಗಳೂ ಇದ್ದವು. ಶರಣಬಸವೇಶ್ವರರ ದಾಸೋಹ ಪರಂಪರೆ ಅದಕ್ಕೊಂದು ನಿದರ್ಶನ. ಮಹಾದೇವಪ್ಪ ರಾಂಪುರೆ ಅವರು 1958ರಲ್ಲಿ ಕಟ್ಟಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ನಗರಕ್ಕೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳನ್ನು ತಂದಿತು.

ಪ್ರದೇಶಕ್ಕೆ ಅನುದಾನ

ಧರ್ಮಸಿಂಗ್ ಸಮಿತಿಯ ಶಿಫಾರಸಿನ ಬಳಿಕ 1990ರ ದಶಕದ ಆರಂಭದಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ರಚನೆಯಾಯಿತು. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಬಳಸಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆದು 2002ರಲ್ಲಿ ವರದಿ ನೀಡಿತು. ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳ ಪೈಕಿ ಅತ್ಯಂತ ಹಿಂದುಳಿದವು 39. ಅವುಗಳಲ್ಲಿ 21 ಗುಲ್ಬರ್ಗ (ಈಗಿನ ಕಲಬುರಗಿ) ವಿಭಾಗದವು. ಎಂಟು ವರ್ಷಗಳಲ್ಲಿ 31,000 ಕೋಟಿ ರೂ. ವೆಚ್ಚದ ವಿಶೇಷ ಯೋಜನೆಯನ್ನು ಸಮಿತಿ ಸೂಚಿಸಿತು. ಈ ಅಳತೆಗೂ ಒಂದು ಮಿತಿಯಿತ್ತು. ಕಮಲಾಪುರ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ಅಲ್ಲಿನ ಹಳ್ಳಿಗಳ ಸ್ಥಿತಿಗತಿ ವಿಭಾಗ ಕೇಂದ್ರವಾದ ನಗರದೊಂದಿಗೆ ಒಂದೇ ಸರಾಸರಿಯಲ್ಲಿ ಬೆರೆತಿತ್ತು. 2018ರಲ್ಲಿ ಅದು ತಾಲ್ಲೂಕಾಯಿತು.

98ನೆಯ ತಿದ್ದುಪಡಿಯ ಮೂಲಕ 2013ರಲ್ಲಿ ಸಂವಿಧಾನಕ್ಕೆ 371(ಜೆ) ವಿಧಿ ಸೇರಿತು. ಸ್ಥಳೀಯರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿ, ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದರಿಂದ ದೊರೆತವು. 2019ರಲ್ಲಿ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟ ಮೇಲೆ ಮಂಡಳಿಯ ಹೆಸರೂ ಬದಲಾಯಿತು. 2023–24ರ ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ರೂ. ಘೋಷಿಸಲಾಯಿತು. 2024ರ ಡಿಸೆಂಬರ್‌ನಲ್ಲಿ ನಗರದಲ್ಲಿ ಉದ್ಘಾಟನೆಯಾದ ಜಯದೇವ ಹೃದ್ರೋಗ ಆಸ್ಪತ್ರೆಗೆ ಈ ವಿಧಿಯ ನೆನಪಿಗಾಗಿ 371 ಹಾಸಿಗೆಗಳನ್ನು ಒದಗಿಸಲಾಗಿದೆ. ಕಮಲಾಪುರದ ಮೂಲಕ ಹಾದುಹೋಗುವ ಬೀದರ್–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡಿತು.

ಬೆಳೆಗೆ ಬೆಲೆ

ಎರೆಭೂಮಿಯ ಕಲಬುರಗಿಗೆ ತೊಗರಿಯ ಕಣಜವೆಂದು ಹೆಸರು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ತೊಗರಿ ಅಭಿವೃದ್ಧಿ ಮಂಡಳಿಯ ಕೇಂದ್ರ ಕಚೇರಿಯೂ ಇಲ್ಲೇ ಇದೆ. 2015ರಲ್ಲಿ ದೇಶದ ಕೆಲವು ನಗರಗಳಲ್ಲಿ ಬೇಳೆ ಕಿಲೋಗೆ 200 ರೂ. ತಲುಪಿತು. ಮರುವರ್ಷ ರೈತರು ಹೆಚ್ಚು ಬಿತ್ತಿದರು, ಮಳೆಯೂ ಕೈಹಿಡಿಯಿತು. ರಾಶಿ ಮುಗಿದು ಮಾಲು ಎಪಿಎಂಸಿಗೆ ಬರುವ ಹೊತ್ತಿಗೆ ದರ ಕ್ವಿಂಟಲ್‌ಗೆ 5,050 ರೂ. ಬೆಂಬಲ ಬೆಲೆಗಿಂತಲೂ ಕೆಳಗಿಳಿಯಿತು.

ಇಲ್ಲಿ ಸರ್ಕಾರದ ಎರಡು ಕರ್ತವ್ಯಗಳು ಪರಸ್ಪರ ಎದುರಾಗುತ್ತವೆ. ರೈತನಿಗಾಗಿ ಬೆಂಬಲ ಬೆಲೆಯಲ್ಲಿ ಖರೀದಿ ಕೇಂದ್ರ ತೆರೆಯುವ ಸರ್ಕಾರವೇ ಗ್ರಾಹಕನಿಗಾಗಿ 2021ರಿಂದ ಆಮದನ್ನು ಮುಕ್ತವಾಗಿಸಿತು. ಮ್ಯಾನ್ಮಾರ್ ಮತ್ತು ಆಫ್ರಿಕಾದಿಂದ ಬರುವ ತೊಗರಿ ಇಲ್ಲಿನ ದರವನ್ನು ತಗ್ಗಿಸುತ್ತದೆಂಬುದು ರೈತ ಸಂಘಟನೆಗಳ ಆಕ್ಷೇಪ. 2024–25ರಲ್ಲಿ ಕೇಂದ್ರದ 7,550 ರೂ. ಬೆಲೆಗೆ ರಾಜ್ಯವು 450 ರೂ. ಸೇರಿಸಿತು.

ಕಮಲಾಪುರದ ಕೆಂಪು ಬಾಳೆಯ ಕಥೆ ಬೇರೆ. ಅದಕ್ಕೂ ಭೌಗೋಳಿಕ ಗುರುತು ಇದೆ, ಬೆಂಬಲ ಬೆಲೆ ಇಲ್ಲ. ಗುರುತು ಹೆಸರಿನ ದುರ್ಬಳಕೆ ತಡೆಯಬಲ್ಲದು. ಗೊನೆ ಬಲಿಯಲು ಬೇಕಾದ ದೀರ್ಘ ಅವಧಿ, ನೀರು, ಸಾಗಣೆಯ ಖರ್ಚನ್ನು ಭರಿಸಲಾರದು.

ಕುಟುಂಬಕ್ಕೆ ನೇರ ನೆರವು

ಉದ್ಯೋಗ ಖಾತ್ರಿ ಯೋಜನೆ 2006ರಲ್ಲಿ ಆರಂಭವಾದಾಗ ಕರ್ನಾಟಕದ ಮೊದಲ ಹಂತದ ಐದು ಜಿಲ್ಲೆಗಳಲ್ಲಿ ಗುಲ್ಬರ್ಗವೂ ಒಂದು. ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವವರಿಗೆ ಊರಲ್ಲೇ ಕೂಲಿ ಕೊಡುವುದು ಇದರ ಆಶಯವಾಗಿತ್ತು. 2023ರ ಗ್ಯಾರಂಟಿ ಯೋಜನೆಗಳಲ್ಲಿ 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿಗೆ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ದೊರೆಯಿತು. ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಕಮಲಾಪುರದಿಂದ ನಗರದ ಕಾಲೇಜು, ಆಸ್ಪತ್ರೆಗಳಿಗೆ ಹೋಗಿಬರಬಹುದು. ಗೃಹಲಕ್ಷ್ಮಿಯಡಿ ಮನೆಯೊಡತಿಗೆ ತಿಂಗಳಿಗೆ 2,000 ರೂ. ಸಿಗುತ್ತದೆ.

ಚರ್ಚೆ

ನೇರ ನೆರವಿನ ಟೀಕಾಕಾರರು ಅದೇ ಹಣ ನೀರಾವರಿಗೂ ಕೈಗಾರಿಕೆಗೂ ಹೋಗಬೇಕಿತ್ತು ಎನ್ನುತ್ತಾರೆ. ಸಮರ್ಥಕರ ಪ್ರಕಾರ, ಗುತ್ತಿಗೆಗಳ ಮೂಲಕ ಖರ್ಚಾಗುವ ಅನುದಾನಕ್ಕಿಂತ ಮನೆಗೆ ತಲುಪುವ ನೆರವು ಖಚಿತ. ಎರಡೂ ವಾದಗಳು ಆಡಳಿತದ ಸಾಮರ್ಥ್ಯವನ್ನು ಅವಲಂಬಿಸಿವೆ: ಕಟ್ಟಡ ಎದ್ದರೂ ಶಿಕ್ಷಕ, ವೈದ್ಯರ ಹುದ್ದೆಗಳು ಖಾಲಿ ಇರುತ್ತವೆ ಎಂಬುದು ಈ ಭಾಗದ ಹಳೆಯ ದೂರು. ನಂಜುಂಡಪ್ಪ ವರದಿಯ ನಂತರದ ವೆಚ್ಚ ಎಷ್ಟು ಫಲ ನೀಡಿದೆ ಎಂಬುದನ್ನು ಪರಿಶೀಲಿಸಲು ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು.