ಮದರಾಸು ವೇಧಶಾಲೆಯ ಕಾಣದ ಗ್ರಹ

ಸಾಧಕನ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯೇ ದೊರೆಯದ ಸಾಧನೆಗಳು ಕೆಲವುಂಟು. ಉತ್ತರ ಧ್ರುವವನ್ನು ಮೊದಲು ಮುಟ್ಟಿದವರು ಯಾರೆಂಬ ವಿವಾದವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. 1908ರ ಏಪ್ರಿಲ್ 21ರಂದು ತಾನು ಧ್ರುವವನ್ನು ಸೇರಿದೆನೆಂದು ಅಮೆರಿಕದ ವೈದ್ಯನಾದ ಫ್ರೆಡರಿಕ್ ಕುಕ್ಕನೂ, 1909ರ ಏಪ್ರಿಲ್ 6ರಂದು ಸೇರಿದ ತಾನೇ ಮೊದಲಿಗನೆಂದು ಅದೇ ದೇಶದ ನೌಕಾಧಿಕಾರಿಯಾದ ರಾಬರ್ಟ್ ಪಿಯರಿಯೂ, 1909ರ ಸೆಪ್ಟೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಲೋಕಕ್ಕೆ ಸಾರಿದರು. ಉತ್ತರ ಧ್ರುವದಲ್ಲಿ ನೆಲವಿಲ್ಲ. ಸಮುದ್ರದ ಮೇಲೆ ತೇಲುತ್ತ ಸರಿಯುತ್ತಿರುವ ಹಿಮದ ಹಾಸಷ್ಟೇ ಇದೆ. ಅಲ್ಲಿ ನೆಟ್ಟ ಧ್ವಜವು ನೆಟ್ಟೆಡೆಯಲ್ಲಿ ಉಳಿಯದು. ಆದ್ದರಿಂದ ಹೋಗಿಬಂದವನು ಸೂರ್ಯನ ಉನ್ನತಿಯನ್ನು ಅಳೆದು ಬರೆದಿಟ್ಟ ಅಂಕಿಗಳೇ ಉಳಿದ ಸಾಕ್ಷಿ. ಕುಕ್ಕನು ಒಪ್ಪಿಸಿದ ಕಾಗದಪತ್ರಗಳಲ್ಲಿ ಅಂಥ ಪುರಾವೆಯಿಲ್ಲವೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯವು ಆ ವರ್ಷದ ಡಿಸೆಂಬರಿನಲ್ಲಿಯೇ ತೀರ್ಮಾನಿಸಿತು. ಪಿಯರಿಯ ಕೀರ್ತಿ ಬಹುಕಾಲ ನಿಂತಿತಾದರೂ, ಅವನ ಕಡೆಯ ಪಯಣದಲ್ಲಿ ಸ್ಥಾನನಿರ್ಣಯ ಮಾಡಬಲ್ಲ ಎರಡನೆಯವನು ಜೊತೆಗಿರಲಿಲ್ಲವೆಂಬ ಕೊರತೆ ಅವನನ್ನು ಬಿಡಲಿಲ್ಲ.

ಧ್ರುವಕ್ಕಿಂತಲೂ ದುರ್ಗಮವಾದ ಸ್ಥಳವೆಂದರೆ ಆಕಾಶ. ಅಲ್ಲಿಯ ಒಂದು ‘ಮೊದಲ’ ಸಾಧನೆಯ ಹಕ್ಕು ಅಂದಿನ ಮದರಾಸಿಗೆ, ಎಂದರೆ ಇಂದಿನ ಚೆನ್ನೈಗೆ ಸೇರಿದ್ದು. ನಮ್ಮ ಸೂರ್ಯನನ್ನು ಬಿಟ್ಟು ಬೇರೊಂದು ನಕ್ಷತ್ರಕ್ಕೂ ಗ್ರಹವಿದೆಯೆಂದು ಅಳತೆಯ ಆಧಾರದ ಮೇಲೆ ಹೇಳಿದ ಅತ್ಯಂತ ಹಳೆಯ ಲೇಖನಗಳಲ್ಲೊಂದು ಹೊರಟದ್ದು ನುಂಗಂಬಾಕ್ಕಂನ ವೇಧಶಾಲೆಯಿಂದ, 1855ರಲ್ಲಿ. ಆ ಹಕ್ಕು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾದ ವಿಷಯ.

ಈ ವೇಧಶಾಲೆಯ ಮೂಲವು ವಿಲಿಯಂ ಪೆಟ್ರಿ ಎಂಬ ಕಂಪನಿಯ ಅಧಿಕಾರಿಯು 1786ರಲ್ಲಿ ಎಗ್ಮೋರಿನಲ್ಲಿ ಸ್ವಂತಕ್ಕಾಗಿ ಸ್ಥಾಪಿಸಿದ ಚಿಕ್ಕ ವೇಧಶಾಲೆ. ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ವಹಿಸಿಕೊಂಡ ಮೇಲೆ, ಮೈಕೆಲ್ ಟಾಪಿಂಗನ ಮೇಲ್ವಿಚಾರಣೆಯಲ್ಲಿ 1792ರಲ್ಲಿ ನುಂಗಂಬಾಕ್ಕಂನಲ್ಲಿ ಹೊಸ ಕಟ್ಟಡ ಸಿದ್ಧವಾಯಿತು. ಹಡಗುಗಳಿಗೂ ಭೂಮಾಪನಕ್ಕೂ ಬೇಕಾದ ಕಾಲ, ಅಕ್ಷಾಂಶ, ರೇಖಾಂಶಗಳ ನಿರ್ಣಯವೇ ಅದರ ಮೊದಲ ಉದ್ದೇಶವಾಗಿತ್ತು. ಕಾಲಕ್ರಮದಲ್ಲಿ ಶುದ್ಧ ಖಗೋಳವಿಜ್ಞಾನಕ್ಕೂ ಅಲ್ಲಿ ಎಡೆ ದೊರೆಯಿತು. ಟಿ. ಜಿ. ಟೇಲರನು 1844ರಲ್ಲಿ ಪ್ರಕಟಿಸಿದ, ಹನ್ನೊಂದು ಸಾವಿರಕ್ಕೂ ಮಿಕ್ಕ ನಕ್ಷತ್ರಗಳ ಸ್ಥಾನಪಟ್ಟಿಯು ಯೂರೋಪಿನ ಪಂಡಿತರ ಮನ್ನಣೆಗೆ ಪಾತ್ರವಾಯಿತು. ಟೇಲರನ ತರುವಾಯ ವೇಧಶಾಲೆಯ ಅಧಿಕಾರವನ್ನು ವಹಿಸಿಕೊಂಡವನು ಮುಂಬಯಿ ಎಂಜಿನಿಯರುಗಳ ದಳದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್. ಇವನು ಪುಣೆಯಲ್ಲಿದ್ದಾಗಲೇ ಸ್ವಂತ ದೂರದರ್ಶಕದಿಂದ ಅವಳಿ ನಕ್ಷತ್ರಗಳನ್ನು ಅಳೆಯುತ್ತಿದ್ದವನು. ಪ್ಯಾರಿಸಿನ ಲೆರೆಬೂರ್ ಕಾರ್ಖಾನೆಯಲ್ಲಿ ತಯಾರಾದ, ಆರು ಅಂಗುಲಕ್ಕೆ ಸ್ವಲ್ಪ ಮಿಕ್ಕ ಮಸೂರದ ದೂರದರ್ಶಕವು 1850ರಲ್ಲಿ ಮದರಾಸಿಗೆ ಬಂದಮೇಲೆ ಆ ಅಭ್ಯಾಸವು ಮತ್ತಷ್ಟು ಬಲವಾಯಿತು.

ಅವನು ಲಕ್ಷ್ಯವಿಟ್ಟು ಅಳೆದ ಜೋಡಿಗಳಲ್ಲಿ ಉರಗಧರ ಪುಂಜದ 70ನೆಯ ನಕ್ಷತ್ರವೂ ಒಂದು. ಬರಿಗಣ್ಣಿಗೆ ಮಸುಕಾದ ಒಂದೇ ಚುಕ್ಕೆಯಾಗಿ ತೋರುವ ಇದು ವಾಸ್ತವವಾಗಿ ಒಂದನ್ನೊಂದು ಸುತ್ತುತ್ತಿರುವ ಎರಡು ನಕ್ಷತ್ರಗಳು. ಇದನ್ನು ಜೋಡಿಯೆಂದು 1779ರಲ್ಲಿ ಗುರುತಿಸಿದವನು ವಿಲಿಯಂ ಹರ್ಷೆಲ್. ಒಂದಕ್ಕೆ ಇನ್ನೊಂದು ಯಾವ ದಿಕ್ಕಿನಲ್ಲಿ ಎಷ್ಟು ದೂರದಲ್ಲಿದೆಯೆಂಬುದನ್ನು ವರ್ಷವರ್ಷವೂ ಅಳೆದು ಗುರುತು ಹಾಕುತ್ತ ಹೋದರೆ, ಗುರುತ್ವಾಕರ್ಷಣದ ನಿಯಮದಂತೆ ಆ ಬಿಂದುಗಳು ಒಂದು ದೀರ್ಘವೃತ್ತದ ಮೇಲೆ ಬೀಳಬೇಕು. ಈ ಜೋಡಿಯ ಬಿಂದುಗಳು ಹಾಗೆ ಬೀಳದೆ ಅತ್ತಿತ್ತ ಸರಿದಿದ್ದುವು. ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ 1855ರಲ್ಲಿ ಪ್ರಕಟವಾದ ಲೇಖನದಲ್ಲಿ ಜೇಕಬನು ಈ ವ್ಯತ್ಯಾಸವನ್ನು ವಿವರಿಸಿ, ಜೋಡಿಯಲ್ಲೊಂದನ್ನು ಕಣ್ಣಿಗೆ ಕಾಣದ ಗ್ರಹರೂಪವಾದ ಕಾಯವೊಂದು ಸುತ್ತುತ್ತಿರುವುದು ಬಹುಮಟ್ಟಿಗೆ ಸಂಭವನೀಯವೆಂದು ಸೂಚಿಸಿದನು.

ಈ ಊಹೆಯನ್ನು ದುಡುಕಿನದೆಂದು ತಳ್ಳಿಹಾಕುವಂತಿಲ್ಲ. ಯುರೇನಸ್ಸಿನ ಚಲನೆಯಲ್ಲಿ ಕಂಡ ಇಂಥದೇ ವ್ಯತ್ಯಾಸವನ್ನು ಹಿಡಿದು ಗಣಿತಜ್ಞರು ತೋರಿಸಿದ ಎಡೆಯಲ್ಲಿಯೇ 1846ರಲ್ಲಿ ನೆಪ್ಚೂನ್ ಗ್ರಹವು ದೊರೆತಿತ್ತು. ಲುಬ್ಧಕ ನಕ್ಷತ್ರದ ಓಲಾಟವನ್ನು ನೋಡಿ, ಅದಕ್ಕೆ ಕಾಣದ ಸಂಗಾತಿಯೊಂದಿದೆಯೆಂದು ಜರ್ಮನಿಯ ಬೆಸೆಲನು 1844ರಲ್ಲಿ ಹೇಳಿದ್ದನು. ಆ ಸಂಗಾತಿಯು 1862ರ ಜನವರಿಯಲ್ಲಿ ಅಮೆರಿಕದ ಆಲ್ವನ್ ಕ್ಲಾರ್ಕನ ದೂರದರ್ಶಕಕ್ಕೆ ಗೋಚರಿಸಿತು. ಜೇಕಬನು ಹಿಡಿದದ್ದು ಇದೇ ತರ್ಕದ ದಾರಿ. ದಾರಿ ಸರಿಯಾಗಿದ್ದರೂ ಅವನ ಕೈಯಲ್ಲಿದ್ದ ಅಳತೆಗಳು ಅಷ್ಟು ಭಾರವನ್ನು ಹೊರಬಲ್ಲವಾಗಿದ್ದುವೇ ಎಂಬುದೇ ಪ್ರಶ್ನೆ.

ಈ ಸಂದೇಹಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಅಳತೆಯ ಸೂಕ್ಷ್ಮತೆ. ಒಂದು ಅಂಶವನ್ನು 3600 ಭಾಗ ಮಾಡಿದರೆ ಬರುವುದು ಒಂದು ವಿಕಲೆ. ಈ ಎರಡು ನಕ್ಷತ್ರಗಳ ನಡುವಣ ಅಂತರವು ಎಷ್ಟು ಹೆಚ್ಚಿದರೂ ಏಳು ವಿಕಲೆಗಳನ್ನು ಮುಟ್ಟದು. ಗ್ರಹವನ್ನು ಊಹಿಸಲು ಕಾರಣವಾದ ವ್ಯತ್ಯಾಸವಾದರೋ ಒಂದು ವಿಕಲೆಯ ಸಣ್ಣದೊಂದು ಭಾಗ. ಛಾಯಾಚಿತ್ರದ ನೆರವಿಲ್ಲದ ಆ ಕಾಲದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟು, ತೆಳುವಾದ ಎಳೆಗಳನ್ನು ತಿರುಪಿನಿಂದ ಸರಿಸಿ ಇಷ್ಟನ್ನು ಅಳೆಯಬೇಕಾಗಿತ್ತು. ಒಬ್ಬೊಬ್ಬ ವೀಕ್ಷಕನ ಕಣ್ಣಿಗೂ ಒಂದೊಂದು ಬಗೆಯ ನಿಯತವಾದ ತಪ್ಪು ಸಹಜ. ಬೇರೆಬೇರೆ ದೇಶಗಳ ಬೇರೆಬೇರೆ ವೀಕ್ಷಕರ ಅಂಕಿಗಳನ್ನು ಒಂದೇ ಸಾಲಿನಲ್ಲಿಟ್ಟಾಗ ಈ ತಪ್ಪುಗಳೇ ಓಲಾಟದ ವೇಷವನ್ನು ತಾಳಬಲ್ಲುವು.

ಎರಡನೆಯದು ಕಾಲದ ಕೊರತೆ. ಈ ಜೋಡಿಯು ಒಂದು ಸುತ್ತನ್ನು ಮುಗಿಸಲು ಸುಮಾರು 88 ವರ್ಷಗಳು ಬೇಕು. ಹರ್ಷೆಲನ ಮೊದಲ ಅಳತೆಯಿಂದ ಜೇಕಬನ ಲೇಖನದವರೆಗೆ ಸಂದದ್ದು 76 ವರ್ಷಗಳು ಮಾತ್ರ. ಅದರಲ್ಲಿಯೂ ತೊಡಗಿನ ದಶಕಗಳ ಅಳತೆಗಳು ವಿರಳವಾದುವು, ಒರಟಾದುವು. ಇನ್ನೂ ಮುಗಿಯದ ಸುತ್ತಿನ ಒಳಗೆ ಮತ್ತೊಂದು ಕಿರುಸುತ್ತನ್ನು ಹುಡುಕುವುದು, ಅರ್ಧ ಅಳಿಸಿಹೋದ ಶಾಸನದಲ್ಲಿ ಎರಡನೆಯ ಪಾಠವನ್ನು ಓದಿದಂತೆಯೇ ಸರಿ.

ಸಂದೇಹವು ಕೂಡಲೇ ತಲೆಯೆತ್ತಲಿಲ್ಲ. ಅಮೆರಿಕದ ಟಿ. ಜೆ. ಜೆ. ಸೀ ಎಂಬವನು 1890ರ ದಶಕದಲ್ಲಿ ಅದೇ ಜೋಡಿಯನ್ನು ಮತ್ತೆ ಅಳೆದು, 36 ವರ್ಷಗಳಿಗೊಮ್ಮೆ ಸುತ್ತುವ ಕಾಣದ ಕಾಯವು ಖಂಡಿತವಾಗಿಯೂ ಇದೆಯೆಂದು ಸಾರಿದನು. ಅವನು ಹೇಳಿದಂಥ ಕಕ್ಷೆಯಲ್ಲಿ ಮೂರನೆಯ ಕಾಯವು ಸ್ಥಿರವಾಗಿ ನಿಲ್ಲಲಾರದೆಂದು ಫಾರೆಸ್ಟ್ ರೇ ಮೌಲ್ಟನನು 1899ರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಸೀ ಕಟುವಾದ ಉತ್ತರವನ್ನು ಬರೆದು, ಲೇಖನವನ್ನು ಅಚ್ಚುಮಾಡಿದ್ದ ಪತ್ರಿಕೆಯ ಸಂಪಾದಕರ ಅಸಮಾಧಾನವನ್ನೇ ಗಳಿಸಿಕೊಂಡನು. 1943ರಲ್ಲಿ ರಾಯಿಲ್ ಮತ್ತು ಹೋಲ್ಮ್‌ಬರ್ಗ್ ಎಂಬವರು ಛಾಯಾಚಿತ್ರಗಳ ಆಧಾರದ ಮೇಲೆ ಮತ್ತೊಮ್ಮೆ ಗ್ರಹವನ್ನು ಸೂಚಿಸಿದರು; ಅದೂ ಪರೀಕ್ಷೆಯಲ್ಲಿ ಉಳಿಯಲಿಲ್ಲ. 1988ರಲ್ಲಿ ಹೈಂಟ್ಸ್ ಅವರು ಎಲ್ಲ ಅಳತೆಗಳನ್ನೂ ಮತ್ತೆ ಪರಿಶೀಲಿಸಿ, ಇಂಥ ಕಾಯಕ್ಕೆ ಆಧಾರವಿಲ್ಲವೆಂದರು. ಟೆಕ್ಸಸಿನ ಮ್ಯಾಕ್‌ಡೊನಾಲ್ಡ್ ವೇಧಶಾಲೆಯವರು ಬೆಳಕಿನ ವರ್ಣಪಟಲವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿಯೂ ಗ್ರಹದ ಸುಳಿವಿಲ್ಲ. ಸೂರ್ಯನಂಥ ನಕ್ಷತ್ರವೊಂದಕ್ಕೆ ಗ್ರಹವಿರುವುದು ಸ್ಥಿರಪಟ್ಟದ್ದು 1995ರಲ್ಲಿ, ಮೇಯರ್ ಮತ್ತು ಕೆಲೋ ಅವರಿಂದ. ಆ ನಕ್ಷತ್ರವು ಪೆಗಾಸಸ್ ಪುಂಜದ್ದು. ಮುಂದೆಂದಾದರೂ ಉರಗಧರದ ಈ ಜೋಡಿಯಲ್ಲಿ ಚಿಕ್ಕದೊಂದು ಗ್ರಹವು ಕಂಡುಬಂದರೂ ಅದು ಜೇಕಬನ ಗ್ರಹವೆನಿಸದು. ಅವನು ಆಧಾರವೆಂದು ಹಿಡಿದ ಓಲಾಟಕ್ಕೆ ಅದು ಕಾರಣವಾಗಿರಲಾರದು. 1926ರ ಮೇ 12ರಂದು ಅಮುಂಡ್ಸನ್ ಮತ್ತು ಸಂಗಡಿಗರು ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾದುಹೋದದ್ದರಿಂದ ಪಿಯರಿಯ ಹಕ್ಕಿಗೆ ಬಲ ಬಂದಂತಾಗಲಿಲ್ಲವಷ್ಟೆ.

ಹೀಗಿರುವುದರಿಂದ, ಪರಗ್ರಹವನ್ನು ಮೊದಲು ಕಂಡ ಊರು ಚೆನ್ನೈ ಎಂದು ಹೆಮ್ಮೆಪಡುವುದು ಇತಿಹಾಸಕ್ಕೆ ಸಲ್ಲುವ ಮಾತಾಗದು. ಆದರೆ ಜೇಕಬನನ್ನು ಧ್ರುವವೀರರ ಸಾಲಿನಲ್ಲಿ ನಿಲ್ಲಿಸುವುದೂ ನ್ಯಾಯವಲ್ಲ. ಪಿಯರಿಯ ದಿನಚರಿಯು ಸ್ವತಂತ್ರ ಸಂಶೋಧಕರ ಪರಿಶೀಲನೆಗೆ ದೊರೆತದ್ದು 1980ರ ದಶಕದಲ್ಲಿ. ಅದನ್ನು ಓದಿದ ಧ್ರುವಯಾತ್ರಿಕ ವಾಲಿ ಹರ್ಬರ್ಟನು, ಪಿಯರಿ ಧ್ರುವವನ್ನು ಮುಟ್ಟಲಿಲ್ಲವೆಂದು 1989ರಲ್ಲಿ ನಿರ್ಣಯಿಸಿದನು. ಜೇಕಬನು ತನ್ನ ತರ್ಕವನ್ನು ಆರಂಭದಲ್ಲಿಯೇ ವಿದ್ವಾಂಸರ ಮುಂದಿಟ್ಟನು. ‘ಸಂಭವನೀಯ’ ಎಂಬ ಪದವನ್ನು ಮೀರಿ ಹೋಗಲಿಲ್ಲ. ಅವನ ತಪ್ಪನ್ನು ತಿದ್ದಲು ಮುಂದಿನವರಿಗೆ ಸಾಧ್ಯವಾದದ್ದು ಈ ಪ್ರಾಮಾಣಿಕತೆಯಿಂದಲೇ. ಸಂದೇಹವನ್ನು ಕೇಳಲು ಅವನು ಬದುಕಿರಲಿಲ್ಲ. ಪುಣೆಯ ಬಳಿಯ ಬೆಟ್ಟದ ಮೇಲೆ ಹೊಸ ವೇಧಶಾಲೆಯನ್ನು ಸ್ಥಾಪಿಸಲೆಂದು ಭಾರತಕ್ಕೆ ಮರಳಿದ ಕೆಲವೇ ದಿನಗಳಲ್ಲಿ, 1862ರ ಆಗಸ್ಟಿನಲ್ಲಿ ತೀರಿಕೊಂಡನು.

ಮದರಾಸು ವೇಧಶಾಲೆಗೆ ನಿಶ್ಚಿತವಾದ ಕೀರ್ತಿಗಳೇ ಸಾಕಷ್ಟಿವೆ. ಅಲ್ಲಿಂದ ನಾರ್ಮನ್ ಪಾಗ್ಸನ್ನನು 1861ರಲ್ಲಿ ಕಂಡ ‘ಏಷ್ಯಾ’ ಎಂಬ ಕಿರುಗ್ರಹವೂ, ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಗುರುತಿಸಿದ, ರೆಟಿಕ್ಯುಲಂ ಪುಂಜದ ಚರ ನಕ್ಷತ್ರವೂ ಇಂದಿಗೂ ಆಕಾಶದಲ್ಲಿ ಇದ್ದಲ್ಲಿಯೇ ಇವೆ, ಬೇಕೆಂದವರು ನೋಡಬಹುದು. ವೇಧಶಾಲೆಯ ಕಾರ್ಯವು 1899ರಲ್ಲಿ ಕೊಡೈಕಾನಲ್ಲಿಗೆ ವರ್ಗವಾಯಿತು. ಅದರ ಪರಂಪರೆಯನ್ನು ಮುಂದುವರಿಸಿರುವ ಭಾರತೀಯ ಖಭೌತ ಸಂಸ್ಥೆಯು ಈಗ ಬೆಂಗಳೂರಿನಲ್ಲಿದೆ. 1792ರಲ್ಲಿ ಮೊದಲ ಉಪಕರಣವನ್ನು ಹೊತ್ತಿದ್ದ ಕಲ್ಲಿನ ಕಂಬವು ಮಾತ್ರ ನುಂಗಂಬಾಕ್ಕಂನ ಹವಾಮಾನ ಕೇಂದ್ರದ ಆವರಣದಲ್ಲಿ ನಿಂತಿದೆ. ಅಳತೆಯ ಉಪಕರಣವು ಅಲುಗಬಾರದೆಂದು ಸುಮಾರು ಹತ್ತು ಟನ್ ತೂಕದ ಏಕಶಿಲೆಯನ್ನು ನಿಲ್ಲಿಸಿದವರ ಎಚ್ಚರವನ್ನು ಅದು ನೋಡುವವರಿಗೆ ನೆನಪಿಸುತ್ತದೆ. ಇಲ್ಲದ ಗ್ರಹವೊಂದನ್ನು ಅದರ ಕೀರ್ತಿಗೆ ಸೇರಿಸುವ ಅಗತ್ಯ ಆ ವೇಧಶಾಲೆಗಿಲ್ಲ.