ಕೆ.ಜಿ.ಎಫ್.ನವರ ‘ಓನ್ಲಿ’

ನಮ್ಮ ಕೆ.ಜಿ.ಎಫ್., ಬಂಗಾರಪೇಟೆ ಕಡೆಯ ಮಕ್ಕಳು ಓದಿಗೋ ಉದ್ಯೋಗಕ್ಕೋ ಬೆಂಗಳೂರಿಗೆ ಹೋದಾಗ ನಗೆಪಾಟಲಿಗೆ ಗುರಿಮಾಡುವ ಇಂಗ್ಲಿಷ್ ಪದವೊಂದಿದೆ. ಅದೇ ‘ಓನ್ಲಿ’. “ಐ ಆಮ್ ಫ್ರಮ್ ಕೆ.ಜಿ.ಎಫ್. ಓನ್ಲಿ” ಎಂದೊಡನೆ ಕೇಳಿದವರು ಮುಸಿಮುಸಿ ನಗುತ್ತಾರೆ. ಸಂದರ್ಶನದಲ್ಲಿ ಈ ನಗೆಗೆ ಅಂಜಿ ಬಾಯಿ ಕಟ್ಟಿದವರೂ ಉಂಟು. ಆದ್ದರಿಂದ ಈ ಕ್ರಿಯಾವಿಶೇಷಣದ ಪೂರ್ವಾಪರವನ್ನು ತುಸು ವಿಚಾರಿಸೋಣ.

‘ಓನ್ಲಿ’ ಹುಟ್ಟಿದ್ದು ‘ಒನ್’ ಎಂಬ ಸಂಖ್ಯಾವಾಚಕದಿಂದ. ‘ಅಲೋನ್’ ಅದರ ದಾಯಾದಿ. ಮಿತಿ ಹಾಕುವುದೇ ಅದರ ಮುಖ್ಯ ಕೆಲಸ, ನಮ್ಮ ‘ಮಾತ್ರ’ದಂತೆ. ಕನ್ನಡಕ್ಕಾದರೋ ‘ಮಾತ್ರ’ವಲ್ಲದೆ ಅವಧಾರಣೆಯ ಏಕಾರವೂ ಇದೆ. ‘ಇಲ್ಲಿ ಮಾತ್ರ’ ಎಂದರೆ ಬೇರೆಲ್ಲಿಯೂ ಇಲ್ಲವೆಂದು ಅರ್ಥ. ‘ಇಲ್ಲೇ’ ಎಂಬುದರಲ್ಲಿ ಹಲವು ವೇಳೆ ಇರುವುದು ಬರಿಯ ಒತ್ತು. ತೆಲುಗರು ‘ಇಕ್ಕಡೇ’ ಎನ್ನುತ್ತಾರೆ, ತಮಿಳರು ‘ಇಂಗೇದಾನ್’ ಎನ್ನುತ್ತಾರೆ. ಈ ಒತ್ತು ಎಲ್ಲ ಕಡೆಯೂ ಪದದ ಕೊನೆಗೇ ಬರುತ್ತದೆ. ನಮ್ಮವರ ‘ಓನ್ಲಿ’ಯೂ ಅಲ್ಲಿಯೇ ಹೋಗಿ ಕೂರುತ್ತದೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಗಣಿಗಳನ್ನು ನಡೆಸತೊಡಗಿದ ಮೇಲೆ ಕಾರ್ನ್‌ವಾಲಿನ ಗಣಿಗಾರರು, ಆಂಗ್ಲೋ ಇಂಡಿಯನ್ನರು, ಉತ್ತರ ಆರ್ಕಾಟಿನ ತಮಿಳರು, ಚಿತ್ತೂರಿನ ತೆಲುಗರು ಒಂದೆಡೆ ಸೇರಿದರು. ಕಮಿಷನರ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಈ ಊರಿನ ರೈಲು ಹೆಬ್ಬಾಗಿಲಾಯಿತು. ಇಂಗ್ಲಿಷ್ ಇಲ್ಲಿ ಶಾಲೆಯ ಪಾಠವಾಗಿ ಉಳಿಯದೆ ಕೆಲಸದ ಮಾತೂ ಆಯಿತು. ಹಾಗೆಂದು ಈ ಪ್ರಯೋಗಕ್ಕೆ ನಮ್ಮೂರೇ ತವರೆನ್ನಲಾರೆ. ಹಿಂದಿಯವರ ‘ಹೀ’ ಸಹ ಇದೇ ಕೆಲಸ ಮಾಡುತ್ತದೆ, ಭಾರತದ ಉದ್ದಗಲಕ್ಕೂ ಇಂಥ ‘ಓನ್ಲಿ’ ಕೇಳಿಸುತ್ತದೆ. ಇಂಗ್ಲಿಷರೂ ‘ಓನ್ಲಿ ಯೆಸ್ಟರ್‌ಡೇ’ ಎನ್ನುವಾಗ ನಮ್ಮ ‘ನಿನ್ನೆಯಷ್ಟೇ’ಗೆ ತೀರ ಹತ್ತಿರ ಬರುತ್ತಾರಲ್ಲವೇ!

ಪರೀಕ್ಷೆಯ ಮಾತು ಬೇರೆ. ಅಲ್ಲಿ ‘ವಿ ಆರ್ ಹಿಯರ್ ಓನ್ಲಿ’ ಎಂದು ಬರೆದರೆ ಅಂಕ ಹೋಗುತ್ತದೆ. ‘ರೈಟ್ ಹಿಯರ್’ ಎಂದು ಬರೆಯಬೇಕು. ಕಾಲದ ಅರ್ಥವಿದ್ದರೆ ‘ಸ್ಟಿಲ್ ಹಿಯರ್’. ‘ಓನ್ಲಿ’ಯನ್ನು ಹಿಂದಕ್ಕೆ ತಂದು ‘ವಿ ಆರ್ ಓನ್ಲಿ ಹಿಯರ್’ ಎಂದರೆ ವ್ಯಾಕರಣ ಸರಿಹೋಗಬಹುದು, ಹೇಳಬೇಕಾದ ಅರ್ಥ ಕೈತಪ್ಪುತ್ತದೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಸಾವಿರಾರು ಮಂದಿ ಊರು ಬಿಡದೆ, ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ದುಡಿದು ಇರುಳಿಗೆ ಮರಳುತ್ತಾರೆ. “ಗಣಿ ಮುಚ್ಚಿತಲ್ಲ, ಈಗೆಲ್ಲಿದ್ದೀರಿ?” ಎಂದವರಿಗೆ ಅವರು ಕೊಡುವ ಉತ್ತರ: “ಕೆ.ಜಿ.ಎಫ್. ಓನ್ಲಿ.” ಇದರಲ್ಲಿ ‘ಇಲ್ಲೇ’ ಉಂಟು, ‘ಇನ್ನೂ’ ಉಂಟು, ‘ಮತ್ತೆಲ್ಲಿಗೆ ಹೋಗೋಣ’ ಎಂಬುದೂ ಉಂಟು. ಈ ಮೂರನ್ನೂ ಹೊರುವ ಬೇರೊಂದು ಇಂಗ್ಲಿಷ್ ಪದ ನನಗಂತೂ ದೊರೆತಿಲ್ಲ.